ಮೋಟೋಜಿಪಿ ಓಟಗಳಲ್ಲಿ ಗರಿಷ್ಠ ವೇಗ ಮತ್ತು ಸವಾರರ ಗಾಯಗಳು

ಮೋಟೋಜಿಪಿ ಎಂಬುದು ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟದ ಮಾನ್ಯತೆಯೊಂದಿಗೆ ನಡೆಯುವ ವಿಶ್ವ ಗ್ರಾಂಡ್ ಪ್ರಿ ಮೋಟಾರ್‌ಸೈಕಲ್ ಓಟಗಳ ಅತ್ಯುನ್ನತ ವಿಭಾಗವಾಗಿದೆ. ಈ ವಿಶ್ವ ಚಾಂಪಿಯನ್‌ಷಿಪ್ 1949ರಲ್ಲಿ ಆರಂಭವಾಯಿತು. ಇಂದಿನ ಮೋಟೋಜಿಪಿ ಬೈಕುಗಳು ಗಂಟೆಗೆ 360 ಕಿ.ಮೀ.ಗೂ ಹೆಚ್ಚಿನ ವೇಗವನ್ನು ಮುಟ್ಟುತ್ತವೆ. ಸವಾರನ ಸುತ್ತ ಕಾರಿನಲ್ಲಿರುವಂತಹ ಲೋಹದ ಕವಚವಿಲ್ಲದ ಕಾರಣ ಬೀಳುವುದು ಈ ಕ್ರೀಡೆಯ ನಿತ್ಯದ ಸಂಗತಿಯಾಗಿದೆ. ಆದರೆ ಗಾಯದ ತೀವ್ರತೆಯನ್ನು ವೇಗವೊಂದೇ ನಿರ್ಧರಿಸುವುದಿಲ್ಲ. ಬಿದ್ದ ಬಳಿಕ ಸವಾರನಿಗೆ ಏನು ಡಿಕ್ಕಿ ಹೊಡೆಯುತ್ತದೆ ಎಂಬುದು ಅನೇಕ ವೇಳೆ ಅದಕ್ಕಿಂತ ಮುಖ್ಯವಾಗುತ್ತದೆ.

ಗರಿಷ್ಠ ವೇಗದ ದಾಖಲೆಗಳು

2002ರಲ್ಲಿ 500 ಸಿ.ಸಿ. ಎರಡು ಸ್ಟ್ರೋಕ್ ಎಂಜಿನ್‌ಗಳ ಜೊತೆಗೆ 990 ಸಿ.ಸಿ. ನಾಲ್ಕು ಸ್ಟ್ರೋಕ್ ಎಂಜಿನ್‌ಗಳಿಗೆ ಅವಕಾಶ ದೊರೆತು, ಈ ವಿಭಾಗಕ್ಕೆ ಮೋಟೋಜಿಪಿ ಎಂಬ ಹೆಸರು ಬಂದಿತು. ವೇಗವನ್ನು ತಗ್ಗಿಸುವ ಉದ್ದೇಶವೂ ಸೇರಿದಂತೆ ಹಲವು ಕಾರಣಗಳಿಂದ 2007ರಲ್ಲಿ ಎಂಜಿನ್ ಸಾಮರ್ಥ್ಯವನ್ನು 800 ಸಿ.ಸಿ.ಗೆ ಇಳಿಸಲಾಯಿತು. 2012ರಲ್ಲಿ ಅದನ್ನು 1000 ಸಿ.ಸಿ.ಗೆ ಏರಿಸಲಾಯಿತು. ಎಂಜಿನ್ ಚಿಕ್ಕದಾದರೂ ವೇಗ ಹೆಚ್ಚು ಕಾಲ ತಗ್ಗಿ ಉಳಿಯಲಿಲ್ಲ. 2009ರಲ್ಲಿ ಇಟಲಿಯ ಮುಜೆಲ್ಲೊ ಟ್ರ್ಯಾಕ್‌ನಲ್ಲಿ ಡಾನಿ ಪೆಡ್ರೋಸಾ 800 ಸಿ.ಸಿ. ಹೋಂಡಾ ಬೈಕಿನಲ್ಲಿ ಗಂಟೆಗೆ 349.3 ಕಿ.ಮೀ. ವೇಗ ತಲುಪಿದರು.

2021ರಲ್ಲಿ ಕತಾರ್‌ನ ಲೊಸೈಲ್‌ನಲ್ಲಿ ಡುಕಾಟಿ ಸವಾರ ಯೋಹಾನ್ ಜಾರ್ಕೊ ಗಂಟೆಗೆ 362.4 ಕಿ.ಮೀ. ವೇಗವನ್ನು ದಾಖಲಿಸಿದರು. 2022ರಲ್ಲಿ ಮುಜೆಲ್ಲೊದಲ್ಲಿ ಹೋರ್ಹೆ ಮಾರ್ಟಿನ್ 363.6 ಕಿ.ಮೀ. ತಲುಪಿದರು. ಮರುವರ್ಷ ಅದೇ ಟ್ರ್ಯಾಕ್‌ನ ಸ್ಪ್ರಿಂಟ್ ಓಟದಲ್ಲಿ ಕೆ.ಟಿ.ಎಂ. ಸವಾರ ಬ್ರಾಡ್ ಬೈಂಡರ್ ಗಂಟೆಗೆ 366.1 ಕಿ.ಮೀ. ವೇಗದೊಂದಿಗೆ ಹೊಸ ದಾಖಲೆ ಸ್ಥಾಪಿಸಿದರು. ಈ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ 100 ಮೀಟರಿಗೂ ಹೆಚ್ಚು ದೂರ ಕ್ರಮಿಸುತ್ತದೆ.

ಮುಜೆಲ್ಲೊದಲ್ಲಿ ಇಂತಹ ವೇಗ ಸಾಧ್ಯವಾಗಲು ಅದರ 1.1 ಕಿ.ಮೀ.ಗೂ ಉದ್ದದ ನೇರ ಹಾದಿ ಮುಖ್ಯ ಕಾರಣ. ಮುಂದಿರುವ ಬೈಕಿನ ಬೆನ್ನಿಗೆ ಅಂಟಿದಂತೆ ಸಾಗುವ ಸವಾರನಿಗೆ ಗಾಳಿಯ ತಡೆ ಕಡಿಮೆಯಾಗುವುದರಿಂದ ಹೆಚ್ಚಿನ ದಾಖಲೆಗಳು ಗುಂಪಿನ ನಡುವೆಯೇ ಆಗುತ್ತವೆ. ಬೀಸುವ ಗಾಳಿಯ ದಿಕ್ಕೂ ಪರಿಣಾಮ ಬೀರುತ್ತದೆ.

ವೇಗದ ಭೌತಶಾಸ್ತ್ರ

ಗಾಳಿಯ ತಡೆಯನ್ನು ಮೀರಲು ಬೇಕಾಗುವ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಆದ್ದರಿಂದ ಗಂಟೆಗೆ 350 ಕಿ.ಮೀ. ದಾಟಿದ ಬಳಿಕ ಒಂದೊಂದು ಕಿ.ಮೀ. ಹೆಚ್ಚಿಸುವುದೂ ಕಷ್ಟಸಾಧ್ಯ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಗಂಟೆಗೆ 360 ಕಿ.ಮೀ. ವೇಗದಲ್ಲಿರುವ ಬೈಕಿಗೆ 180 ಕಿ.ಮೀ. ವೇಗದಲ್ಲಿರುವಾಗ ಇರುವುದಕ್ಕಿಂತ ನಾಲ್ಕು ಪಟ್ಟು ಚಲನಶಕ್ತಿ ಇರುತ್ತದೆ. ನೇರ ಹಾದಿಯ ಕೊನೆಯಲ್ಲಿ ಕೆಲವೇ ಸೆಕೆಂಡುಗಳೊಳಗೆ ಈ ಶಕ್ತಿಯ ಬಹುಭಾಗವನ್ನು ಕಾರ್ಬನ್ ಬ್ರೇಕ್ ಡಿಸ್ಕ್‌ಗಳು ಶಾಖವಾಗಿ ಹೊರಹಾಕಬೇಕು. ಆದುದರಿಂದ ನೇರ ಹಾದಿಗಿಂತ ಅದರ ಕೊನೆಯ ಬ್ರೇಕ್ ವಲಯ ಹೆಚ್ಚು ಅಪಾಯಕಾರಿ.

ಬೀಳುವಿಕೆಯ ಬಗೆಗಳು

ತಿರುವಿನಲ್ಲಿ ಟೈರು ಹಿಡಿತ ಕಳೆದುಕೊಂಡು ಬೈಕು ಒಳಬದಿಗೆ ಮಲಗಿ ಜಾರುವುದನ್ನು ಲೋಸೈಡ್ ಎನ್ನುತ್ತಾರೆ. ಸವಾರನು ಆಗಲೇ ನೆಲಕ್ಕೆ ಸಮೀಪದಲ್ಲಿರುವುದರಿಂದ ಜಾರುತ್ತಾ ಹೋಗುತ್ತಾನೆ. ಜಾರುವಾಗ ವೇಗವು ಸ್ವಲ್ಪಸ್ವಲ್ಪವಾಗಿ ಇಳಿಯುವುದರಿಂದ ಗಾಯ ಸಾಮಾನ್ಯವಾಗಿ ಕಡಿಮೆ.

ಹಿಂದಿನ ಟೈರು ಜಾರಿ, ಥಟ್ಟನೆ ಮತ್ತೆ ಹಿಡಿತ ಪಡೆದಾಗ ಬೈಕು ಸವಾರನನ್ನು ಮೇಲಕ್ಕೆ ಎಸೆಯುವುದು ಹೈಸೈಡ್. ಇದು ಕಡಿಮೆ ವೇಗದ ತಿರುವಿನಲ್ಲಿಯೂ ಸಂಭವಿಸಬಹುದು. ಎತ್ತರದಿಂದ ಬೀಳುವುದರಿಂದ ಕೊರಳೆಲುಬು, ಭುಜ, ಮಣಿಕಟ್ಟು ಮತ್ತು ಕಾಲಿನ ಮೂಳೆಗಳು ಮುರಿಯುವ ಸಾಧ್ಯತೆ ಹೆಚ್ಚು.

ಮೂರನೆಯದು, ಬಿದ್ದ ಸವಾರನಿಗೆ ಹಿಂದಿನಿಂದ ಬರುವ ಬೈಕು ಬಡಿಯುವುದು. ಇತ್ತೀಚಿನ ದಶಕಗಳ ಸಾವುಗಳಲ್ಲಿ ಈ ಬಗೆಯ ಅಪಘಾತಗಳು ಪದೇ ಪದೇ ಕಂಡುಬಂದಿವೆ.

ವೇಗ ಮತ್ತು ಗಾಯದ ಸಂಬಂಧ

2013ರಲ್ಲಿ ಮುಜೆಲ್ಲೊದ ಅಭ್ಯಾಸದ ವೇಳೆ ಮಾರ್ಕ್ ಮಾರ್ಕೆಸ್ ಗಂಟೆಗೆ ಸುಮಾರು 338 ಕಿ.ಮೀ. ವೇಗದಲ್ಲಿದ್ದಾಗ ಬೈಕಿನ ಮೇಲಿನ ನಿಯಂತ್ರಣ ಕಳೆದುಕೊಂಡರು. ಗೋಡೆಯತ್ತ ಸಾಗುತ್ತಿದ್ದ ಬೈಕನ್ನು ಬಿಟ್ಟು ಅವರು ನೆಲಕ್ಕೆ ಬಿದ್ದರು. ಗದ್ದಕ್ಕೆ ಪೆಟ್ಟಾಗಿ ಊದಿಕೊಂಡಿತಾದರೂ ಅದೇ ವಾರಾಂತ್ಯದ ಓಟದಲ್ಲಿ ಅವರು ಭಾಗವಹಿಸಿದರು. ಏಳು ವರ್ಷಗಳ ಬಳಿಕ, 2020ರ ಜುಲೈ 19ರಂದು, ಸ್ಪೇನಿನ ಹೆರೆಸ್‌ನ ತಿರುವೊಂದರಲ್ಲಿ ಅದಕ್ಕಿಂತ ಬಹಳ ಕಡಿಮೆ ವೇಗದಲ್ಲಿ ಸಂಭವಿಸಿದ ಹೈಸೈಡ್‌ನಲ್ಲಿ ಅವರ ಬಲತೋಳಿನ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ಅವರು ಮತ್ತೆ ಬೈಕೇರಿದರು. ಬಳಿಕ ತೋಳಿಗೆ ಅಳವಡಿಸಿದ್ದ ಲೋಹದ ಪಟ್ಟಿ ಮುರಿದು ಮತ್ತೆ ಶಸ್ತ್ರಚಿಕಿತ್ಸೆ ಬೇಕಾಯಿತು. 2022ರವರೆಗೆ ಆ ತೋಳಿಗೆ ಒಟ್ಟು ನಾಲ್ಕು ಶಸ್ತ್ರಚಿಕಿತ್ಸೆಗಳು ನಡೆದವು. 2019ರ ನಂತರ ಅವರು ಮತ್ತೊಂದು ವಿಶ್ವ ಪ್ರಶಸ್ತಿ ಗೆದ್ದದ್ದು 2025ರಲ್ಲಿ.

ಮಾರಣಾಂತಿಕ ಅಪಘಾತಗಳು

1973ರ ಮೇ 20ರಂದು ಇಟಲಿಯ ಮೊಂಜಾದಲ್ಲಿ 250 ಸಿ.ಸಿ. ಓಟದ ಸಾಮೂಹಿಕ ಅಪಘಾತದಲ್ಲಿ ಯಾರ್ನೊ ಸಾರಿನೆನ್ ಮತ್ತು ರೆಂಜೊ ಪಸೋಲಿನಿ ಮೃತಪಟ್ಟರು. 1993ರಲ್ಲಿ ಮಿಸಾನೊದಲ್ಲಿ ಬಿದ್ದ ಮೂರು ಬಾರಿಯ ವಿಶ್ವ ಚಾಂಪಿಯನ್ ವೇನ್ ರೇನಿ ಬೆನ್ನುಹುರಿಯ ಗಾಯದಿಂದಾಗಿ ಎದೆಯಿಂದ ಕೆಳಗೆ ಸ್ವಾಧೀನ ಕಳೆದುಕೊಂಡರು.

2003ರಲ್ಲಿ ಜಪಾನಿನ ಸುಜುಕಾದಲ್ಲಿ ದೈಜಿರೊ ಕಾತೊ ಟ್ರ್ಯಾಕ್ ಬದಿಯ ತಡೆಗೋಡೆಗೆ ಬಡಿದು ಎರಡು ವಾರಗಳ ಬಳಿಕ ನಿಧನರಾದರು. ಅನಂತರ ಸುಜುಕಾವನ್ನು ಗ್ರಾಂಡ್ ಪ್ರಿ ಪಟ್ಟಿಯಿಂದ ಕೈಬಿಡಲಾಯಿತು. 2010ರಲ್ಲಿ ಮಿಸಾನೊದ ಮೋಟೋ2 ಓಟದಲ್ಲಿ ಶೋಯಾ ತೊಮಿಜಾವಾ, 2011ರಲ್ಲಿ ಮಲೇಷ್ಯಾದ ಸೆಪಾಂಗ್‌ನಲ್ಲಿ ಮಾರ್ಕೊ ಸಿಮೊನ್ಚೆಲ್ಲಿ, 2021ರಲ್ಲಿ ಮುಜೆಲ್ಲೊದ ಮೋಟೋ3 ಅರ್ಹತಾ ಸುತ್ತಿನಲ್ಲಿ ಜೇಸನ್ ಡುಪಾಸ್ಕಿಯೆ ಮೃತಪಟ್ಟರು. ಈ ಮೂವರಿಗೂ ಬಿದ್ದ ಬಳಿಕ ಹಿಂದಿನಿಂದ ಬಂದ ಬೈಕುಗಳು ಬಡಿದಿದ್ದವು. 2016ರಲ್ಲಿ ಬಾರ್ಸಿಲೋನಾದ ಅಭ್ಯಾಸದಲ್ಲಿ ಲೂಯಿಸ್ ಸಲೋಮ್ ಮೃತಪಟ್ಟಾಗ, ಅದೇ ವಾರಾಂತ್ಯದಲ್ಲಿ ಟ್ರ್ಯಾಕ್‌ನ ವಿನ್ಯಾಸವನ್ನು ಬದಲಿಸಲಾಯಿತು.

ಸುರಕ್ಷತಾ ಕ್ರಮಗಳು

ಗೋಡೆಗಳನ್ನು ಟ್ರ್ಯಾಕ್‌ನಿಂದ ದೂರ ಸರಿಸಿ, ನಡುವೆ ಜಲ್ಲಿಕಲ್ಲಿನ ಹಾಸು ಹಾಗೂ ಗಾಳಿ ತುಂಬಿದ ತಡೆಗಳನ್ನು ಇರಿಸುವುದು ಅತ್ಯಂತ ಪರಿಣಾಮಕಾರಿ ಕ್ರಮವಾಗಿದೆ. ಇದರ ಮಹತ್ವವನ್ನು ಐಲ್ ಆಫ್ ಮ್ಯಾನ್ ಟಿ.ಟಿ. ಓಟದೊಂದಿಗೆ ಹೋಲಿಸಿ ತಿಳಿಯಬಹುದು. ಸುಮಾರು 60 ಕಿ.ಮೀ. ಉದ್ದದ ಆ ಸಾರ್ವಜನಿಕ ರಸ್ತೆಯ ಬದಿಯಲ್ಲಿ ಕಲ್ಲಿನ ಗೋಡೆಗಳು ಮತ್ತು ಮನೆಗಳಿವೆ. ಆ ಪಥದಲ್ಲಿ ಈವರೆಗೆ 250ಕ್ಕೂ ಹೆಚ್ಚು ಸ್ಪರ್ಧಿಗಳು ಮೃತಪಟ್ಟಿದ್ದಾರೆ. 1976ರ ಬಳಿಕ ಅದು ವಿಶ್ವ ಗ್ರಾಂಡ್ ಪ್ರಿ ಸರಣಿಯ ಭಾಗವಾಗಿ ಉಳಿಯಲಿಲ್ಲ.

2018ರಿಂದ ಗ್ರಾಂಡ್ ಪ್ರಿಯ ಮೂರೂ ವಿಭಾಗಗಳಲ್ಲಿ ಸವಾರರ ಚರ್ಮದ ಉಡುಪಿನೊಳಗೆ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಉಡುಪಿನಲ್ಲಿರುವ ಸಂವೇದಕಗಳು ಬೀಳುವಿಕೆಯನ್ನು ಗುರುತಿಸಿದ ಕೂಡಲೇ, ಕಣ್ಣುರೆಪ್ಪೆ ಮಿಟುಕಿಸುವಷ್ಟರೊಳಗೆ ಅದು ಉಬ್ಬಿ ಭುಜ ಹಾಗೂ ಕೊರಳೆಲುಬನ್ನು ರಕ್ಷಿಸುತ್ತದೆ. 2019ರಿಂದ ಹೆಲ್ಮೆಟ್‌ಗಳಿಗೆ ಒಕ್ಕೂಟದ ಪ್ರತ್ಯೇಕ ಪರೀಕ್ಷೆ ಜಾರಿಗೆ ಬಂದಿದೆ. ಆದರೆ ನೂರೈವತ್ತಕ್ಕೂ ಹೆಚ್ಚು ಕಿಲೋ ತೂಗುವ ಬೈಕು ನೇರವಾಗಿ ಬಡಿದಾಗ ಈ ಸಾಧನಗಳ ರಕ್ಷಣೆ ಸೀಮಿತ.

ಗಾಯದ ಬಳಿಕ ಮರಳುವಿಕೆ

1992ರಲ್ಲಿ ನೆದರ್ಲೆಂಡ್ಸ್‌ನ ಆಸೆನ್‌ನಲ್ಲಿ ಮಿಕ್ ಡೂಹನ್ ಅವರ ಬಲಗಾಲು ಮುರಿದು, ಅದನ್ನು ಕತ್ತರಿಸಬೇಕಾದ ಸ್ಥಿತಿ ಒದಗಿತ್ತು. ವೈದ್ಯ ಕ್ಲಾಡಿಯೊ ಕೋಸ್ಟಾ ಅವರು ಎರಡೂ ಕಾಲುಗಳನ್ನು ಕೆಲಕಾಲ ಜೋಡಿಸಿ ಹೊಲಿದು, ರಕ್ತಸಂಚಾರ ಮುಂದುವರಿಯುವಂತೆ ಮಾಡಿ ಕಾಲನ್ನು ಉಳಿಸಿದರು. ಡೂಹನ್ 1994ರಿಂದ 1998ರವರೆಗೆ ಸತತ ಐದು ಬಾರಿ ವಿಶ್ವ ಚಾಂಪಿಯನ್ ಆದರು. 2013ರಲ್ಲಿ ಅದೇ ಆಸೆನ್‌ನಲ್ಲಿ ಗುರುವಾರ ಕೊರಳೆಲುಬು ಮುರಿದುಕೊಂಡ ಹೋರ್ಹೆ ಲೊರೆಂಜೊ, ಬಾರ್ಸಿಲೋನಾಕ್ಕೆ ಹಾರಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಶನಿವಾರದ ಓಟದಲ್ಲಿ ಐದನೆಯ ಸ್ಥಾನ ಪಡೆದರು. ಇಂತಹ ಪ್ರಸಂಗಗಳನ್ನು ಶೌರ್ಯವೆಂದು ಕೊಂಡಾಡುವವರಿದ್ದಾರೆ. ಆದರೆ 2020ರ ಮಾರ್ಕೆಸ್ ಪ್ರಕರಣವು ಆತುರದ ಮರಳುವಿಕೆಯ ಬೆಲೆಯನ್ನು ತೋರಿಸಿತು. ಗಾಯಗೊಂಡ ಸವಾರನು ಮತ್ತೆ ಸ್ಪರ್ಧಿಸಲು ವೈದ್ಯಾಧಿಕಾರಿಗಳ ಅನುಮತಿ ಅಗತ್ಯವಾಗಿದೆ.

ಭಾರತದಲ್ಲಿ

2023ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ನೊಯ್ಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನಲ್ಲಿ ಭಾರತದ ಮೊದಲ ಮೋಟೋಜಿಪಿ ಓಟ ನಡೆಯಿತು. ಮಾರ್ಕೊ ಬೆಜ್ಜೆಕ್ಕಿ ಗೆದ್ದ ಆ ಓಟದ ಸುತ್ತುಗಳನ್ನು ಬಿಸಿಲಿನ ತಾಪದ ಕಾರಣ ಕಡಿತಗೊಳಿಸಲಾಗಿತ್ತು. ಆ ವಾರಾಂತ್ಯದಲ್ಲಿ ಅಲೆಕ್ಸ್ ಮಾರ್ಕೆಸ್ ಪಕ್ಕೆಲುಬು ಹಾಗೂ ಲೂಕಾ ಮರಿನಿ ಕೊರಳೆಲುಬು ಮುರಿದುಕೊಂಡರು.

ಅದೇ ವರ್ಷದ ಆಗಸ್ಟ್‌ನಲ್ಲಿ ಚೆನ್ನೈ ಸಮೀಪದ ಟ್ರ್ಯಾಕ್‌ನಲ್ಲಿ ನಡೆದ ರಾಷ್ಟ್ರೀಯ ಚಾಂಪಿಯನ್‌ಷಿಪ್ ಓಟವೊಂದರಲ್ಲಿ ಬೆಂಗಳೂರಿನ 13 ವರ್ಷದ ಸವಾರನೊಬ್ಬ ಬಿದ್ದು ಮೃತಪಟ್ಟನು. ಈ ಘಟನೆಯು ಎಳೆಯ ಸವಾರರ ವಯೋಮಿತಿಯ ಪ್ರಶ್ನೆಯನ್ನು ದೇಶದಲ್ಲಿ ಮುನ್ನೆಲೆಗೆ ತಂದಿತು. ವಿಶ್ವ ಗ್ರಾಂಡ್ ಪ್ರಿ ಸರಣಿಯಲ್ಲಿ 2023ರಿಂದ ಕನಿಷ್ಠ ವಯಸ್ಸನ್ನು ಕೆಲವು ವಿನಾಯಿತಿಗಳೊಂದಿಗೆ 18ಕ್ಕೆ ಏರಿಸಲಾಗಿದೆ.

2027ರ ನಿಯಮಗಳು

2024ರ ಮೇ ತಿಂಗಳಲ್ಲಿ ಪ್ರಕಟವಾದ ನಿಯಮಗಳ ಪ್ರಕಾರ 2027ರಿಂದ ಎಂಜಿನ್ ಸಾಮರ್ಥ್ಯ 850 ಸಿ.ಸಿ.ಗೆ ಇಳಿಯುತ್ತದೆ. ಬೈಕಿನ ಎತ್ತರವನ್ನು ಓಟದ ನಡುವೆ ತಗ್ಗಿಸುವ ಸಾಧನಗಳಿಗೆ ನಿಷೇಧವಿದ್ದು, ಗಾಳಿಯ ಒತ್ತಡವನ್ನು ಬಳಸಿಕೊಳ್ಳುವ ರೆಕ್ಕೆಗಳಿಗೂ ಮಿತಿ ವಿಧಿಸಲಾಗಿದೆ. ವೇಗ ಹೆಚ್ಚಿದಂತೆ ಟ್ರ್ಯಾಕ್‌ಗಳ ಬದಿಯಲ್ಲಿ ಇನ್ನಷ್ಟು ಖಾಲಿ ಜಾಗ ಬೇಕಾಗುತ್ತದೆ. ಹಳೆಯ ಟ್ರ್ಯಾಕ್‌ಗಳಲ್ಲಿ ಗುಡ್ಡ, ರಸ್ತೆ ಮತ್ತು ಪ್ರೇಕ್ಷಕರ ಅಟ್ಟಣಿಗೆಗಳ ಕಾರಣ ಅದು ಎಲ್ಲೆಡೆ ಸಾಧ್ಯವಿಲ್ಲ. ಆದ್ದರಿಂದ ಬೈಕಿನ ವೇಗವನ್ನೇ ತಗ್ಗಿಸುವುದು ಈ ಬದಲಾವಣೆಗಳ ಗುರಿಗಳಲ್ಲಿ ಒಂದಾಗಿದೆ.