ಒಂಬತ್ತನೆಯ ದೀಪ ಏಕೆ ಬೆಳಗಲಿಲ್ಲ?

ಬೀದರ್ ಜಿಲ್ಲೆಯ ಡಾಬಕಾದಲ್ಲಿ ಒಬ್ಬರು ಹೊಸ ಮನೆ ಕಟ್ಟಿಸಬೇಕೆಂದಿದ್ದಾರೆ ಎಂದುಕೊಳ್ಳಿ. ಗೋಡೆ ಏಳುವ ಮೊದಲೇ ಆ ಮನೆಯನ್ನು ಕಂಪ್ಯೂಟರಿನ ಪರದೆಯ ಮೇಲೆ ನೋಡಬಹುದು. ಅಡುಗೆಮನೆಯಲ್ಲಿ ಒಂದು, ಪಡಸಾಲೆಯಲ್ಲಿ ಎರಡು ಎಂದು ದೀಪಗಳನ್ನೂ ಇಟ್ಟು ನೋಡಬಹುದು. ಇದಕ್ಕೆಂದೇ ತಂತ್ರಾಂಶಗಳಿವೆ. ಆದರೆ ಹಳೆಯ ಕಂಪ್ಯೂಟರುಗಳಲ್ಲಿ ಒಂದು ವಿಚಿತ್ರ ಕಾಣುತ್ತಿತ್ತು. ಎಂಟು ದೀಪಗಳವರೆಗೆ ಎಲ್ಲವೂ ಸರಿ. ಒಂಬತ್ತನೆಯದನ್ನು ಇಟ್ಟರೆ ಅದರ ಬೆಳಕು ಬೀಳುತ್ತಲೇ ಇರಲಿಲ್ಲ! ಏಕೆ ಗೊತ್ತೇ?

ಕಂಪ್ಯೂಟರಿಗೆ ಬೆಳಕೆಂದರೆ ಲೆಕ್ಕ. ಪರದೆಯ ಚಿತ್ರ ಸಣ್ಣ ಸಣ್ಣ ಚುಕ್ಕೆಗಳಿಂದ ಆದದ್ದು. ಅಡ್ಡಕ್ಕೆ 1024, ಉದ್ದಕ್ಕೆ 768 ಚುಕ್ಕೆಗಳಿದ್ದರೆ ಒಟ್ಟು 7,86,432. ಪ್ರತಿ ಚುಕ್ಕೆಗೂ 8 ದೀಪಗಳಿಂದ ಎಷ್ಟು ಬೆಳಕು ಬರುತ್ತದೆ ಎಂದು ನೋಡಿದರೆ 62,91,456 ಲೆಕ್ಕಗಳು. ಮನೆಯೊಳಗೆ ನಡೆದಾಡಿದಂತೆ ಕಾಣಲು ಸೆಕೆಂಡಿಗೆ 30 ಚಿತ್ರ ಬೇಕೆಂದರೆ ಸುಮಾರು 19 ಕೋಟಿ ಲೆಕ್ಕ! ಈ ಕೆಲಸವನ್ನು ಗ್ರಾಫಿಕ್ಸ್ ಕಾರ್ಡ್ ಎಂಬ ಭಾಗ ಮಾಡುತ್ತದೆ.

ಹಳೆಯ ಕಾರ್ಡುಗಳಿಗೆ ಇದು ದೊಡ್ಡ ಹೊರೆ. 1992ರಲ್ಲಿ ಓಪನ್ ಜಿಎಲ್ ಎಂಬ ನಿಯಮಾವಳಿ ಬಂದಿತು. ಕನಿಷ್ಠ 8 ದೀಪಗಳ ಲೆಕ್ಕವಾದರೂ ಆಗಬೇಕು ಎಂದು ಅದು ಹೇಳಿತು. ಹಲವು ಕಾರ್ಡುಗಳು ಅಷ್ಟಕ್ಕೇ ನಿಂತವು. 1999ರಲ್ಲಿ ಬಂದ ಜೀಫೋರ್ಸ್ 256 ಕಾರ್ಡಿನ ಮಿತಿಯೂ ಎಂಟೇ.

ಹೊರೆ ಇಳಿಸಲು ಇನ್ನೊಂದು ಉಪಾಯವೂ ಇತ್ತು. ಎಲ್ಲ ಚುಕ್ಕೆಗಳಿಗೆ ಲೆಕ್ಕ ಮಾಡುವ ಬದಲು ಗೋಡೆಯ ಮೂಲೆಗಳಿಗೆ ಮಾತ್ರ ಮಾಡುವುದು. ನಡುವಿನ ಭಾಗವನ್ನು ಅದರಿಂದಲೇ ಅಂದಾಜು ಮಾಡುವುದು. ಇದರಿಂದ ಗೋಡೆಯ ನಡುವೆ ದೀಪವಿದ್ದರೂ ಚಿತ್ರದಲ್ಲಿ ಅಲ್ಲಿ ಮಂಕಾಗಿ ಕಾಣುತ್ತಿತ್ತು. ಗೋಡೆಯನ್ನು ಹಲವು ಚಿಕ್ಕ ಚೌಕಗಳಾಗಿ ಒಡೆದರೆ ಮೂಲೆಗಳು ಹೆಚ್ಚುತ್ತವೆ, ಚಿತ್ರ ಸುಧಾರಿಸುತ್ತದೆ. ಆದರೆ ಲೆಕ್ಕವೂ ಹೆಚ್ಚುತ್ತದೆ!

ನಿಜವಾದ ಬೆಳಕು ಒಮ್ಮೆ ಬಿದ್ದು ಸುಮ್ಮನಾಗುವುದಿಲ್ಲ. ನೆಲಕ್ಕೆ ಬಡಿದು ಗೋಡೆಗೆ, ಗೋಡೆಯಿಂದ ಮಾಡಿಗೆ ಚಿಮ್ಮುತ್ತದೆ. ಆದ್ದರಿಂದಲೇ ಬಿಸಿಲು ನೇರವಾಗಿ ಬೀಳದ ಮೂಲೆಯೂ ನಮಗೆ ಕಾಣುತ್ತದೆ. ಹೀಗೆ ಚಿಮ್ಮುವ ಕಿರಣಗಳ ಹಾದಿಯನ್ನು ವೇಗವಾಗಿ ಹುಡುಕುವ ಆರ್‌ಟಿಎಕ್ಸ್ ಕಾರ್ಡುಗಳು 2018ರಲ್ಲಿ ಬಂದವು. ಅವು ಕೂಡ ಕೆಲವೇ ಕಿರಣಗಳನ್ನು ಹಿಂಬಾಲಿಸಿ ಉಳಿದದ್ದನ್ನು ಅಂದಾಜು ಮಾಡುತ್ತವೆ.

ಆದ್ದರಿಂದ ಪರದೆಯಲ್ಲಿ ಅಡುಗೆಮನೆ ಕತ್ತಲಾಗಿ ಕಂಡರೆ ಮನೆಯೇ ಕತ್ತಲೆಂದು ತಿಳಿಯಬಾರದು. ಬೆಳಗಿ ಕಂಡರೂ ಕಿಟಕಿ ಬೇಡವೆನ್ನಬಾರದು. ಬಿಸಿಲು ಯಾವ ದಿಕ್ಕಿನಿಂದ ಬರುತ್ತದೆ ಎಂದು ಜಾಗದಲ್ಲೇ ನಿಂತು ನೋಡಬೇಕು. ಕಟ್ಟಿದ ಗೋಡೆಯನ್ನು ಒಡೆದು ಕಿಟಕಿ ಇಡುವುದು ದುಬಾರಿ ಅಲ್ಲವೇ?

ಮಾಡಿ ನೋಡಿ: ತರಗತಿಯ ಬಾಗಿಲು, ಕಿಟಕಿ ಮುಚ್ಚಿ. ಗೋಡೆಯ ನಡುವೆ ಹತ್ತಿರದಿಂದ ಟಾರ್ಚ್ ಬೆಳಕು ಬಿಡಿ. ನಾಲ್ಕು ಮೂಲೆಗಳನ್ನು ಮಾತ್ರ ನೋಡಿ, ಅಲ್ಲಿ ಬೆಳಕು ಎಷ್ಟಿದೆ ಎಂದು ಬರೆದುಕೊಳ್ಳಿ. ಅದನ್ನಷ್ಟೇ ಓದಿದವರು ಗೋಡೆಯ ನಡುಭಾಗ ಹೇಗಿದೆ ಎಂದುಕೊಳ್ಳುತ್ತಾರೆ? ಗೆಳೆಯರೊಡನೆ ಚರ್ಚಿಸಿ.