ನೆಝಾ: ಚೀನಾದ ತೆರೆ ಮೇಲೆ ಕುಬೇರನ ಮಗ

ಇವತ್ತಿನ ಮಾತು ‘ನೆಝಾ’ ಸಿನಿಮಾ ಬಗ್ಗೆ. ಮೊದಲ ಭಾಗ 2019ರಲ್ಲಿ ಬಂತು, ಎರಡನೆಯದು 2025ರ ಜನವರಿಯಲ್ಲಿ. ಎರಡನೆಯದರ ಗಳಿಕೆ 200 ಕೋಟಿ ಡಾಲರ್ ದಾಟಿತು. ಅನಿಮೇಷನ್ ಚಿತ್ರವೊಂದು ಅಷ್ಟು ಗಳಿಸಿದ್ದು ಅದೇ ಮೊದಲು. ದುಡ್ಡಿನ ಲೆಕ್ಕ ಇಲ್ಲಿಗೇ ಸಾಕು. ಕೈಯಲ್ಲಿ ಬೆಂಕಿ ಈಟಿ, ಕಾಲ ಕೆಳಗೆ ಉರಿಯೋ ಚಕ್ರ, ಹೆಗಲ ಮೇಲೆ ಕೆಂಪು ರೇಷ್ಮೆ ಪಟ್ಟಿ ಇರೋ ಈ ತುಂಟ ಹುಡುಗ ನಮಗೆ ಪೂರ್ತಿ ಅಪರಿಚಿತನಲ್ಲ, ಅದು ನನ್ನ ವಿಷಯ.

ಭಾಗವತದಲ್ಲಿ ಬಾಲಕೃಷ್ಣ ಒರಳನ್ನ ಎಳಕೊಂಡು ಹೋಗಿ ಎರಡು ಮತ್ತಿ ಮರ ಉರುಳಿಸ್ತಾನಲ್ಲ, ಆ ಮರಗಳಿಂದ ಹೊರಬಂದವರು ನಲಕೂಬರ, ಮಣಿಗ್ರೀವ. ಕುಬೇರನ ಮಕ್ಕಳು, ನಾರದರ ಶಾಪದಿಂದ ಮರವಾಗಿದ್ದವರು. ಈ ನಲಕೂಬರನ ಹೆಸರು ಬೌದ್ಧ ಗ್ರಂಥಗಳ ಜತೆ ಚೀನಾಕ್ಕೆ ಹೋಯ್ತು. ಚೀನೀ ಅಕ್ಷರಗಳಲ್ಲಿ ಬರೆದಾಗ ಉದ್ದವಾಗಿತ್ತು. ಬರಬರುತ್ತಾ ಸವೆದು ‘ನೆಝಾ’ ಆಯ್ತು. ಮೇಯರ್ ಶಹರ್ ಅನ್ನೋ ವಿದ್ವಾಂಸರು 2015ರಲ್ಲಿ ಇವನ ಮೇಲೆ ಒಂದು ಇಡೀ ಪುಸ್ತಕ ಬರೆದಿದ್ದಾರೆ. ಅಪ್ಪ ಕುಬೇರ, ಅಂದ್ರೆ ವೈಶ್ರವಣ, ಅಲ್ಲಿ ಉತ್ತರ ದಿಕ್ಕನ್ನ ಕಾಯೋ ದೇವರಾದ. ಆಮೇಲೆ ಟಾಂಗ್ ಕಾಲದ ನಿಜವಾದ ಸೇನಾಪತಿ ಲಿ ಜಿಂಗ್ ಜತೆ ಬೆರೆತುಹೋದ. ಸಿನಿಮಾದಲ್ಲಿ ನೆಝಾನ ಅಪ್ಪನ ಹೆಸರು ಲಿ ಜಿಂಗ್ ಅಂತ ಇರೋದು ಅದಕ್ಕೇ.

ಈಗ ಕಥೆಗೆ ಬರೋಣ. ಮಿಂಗ್ ಕಾಲದ ‘ಫೆಂಗ್‌ಶೆನ್ ಯಾನ್‌ಯಿ’ ಕಾದಂಬರಿಯಲ್ಲಿ ತಾಯಿ ಇವನನ್ನ ಮೂರೂವರೆ ವರ್ಷ ಹೊರ್ತಾಳೆ. ಹುಟ್ಟಿದ್ದು ಮಾಂಸದ ಉಂಡೆ. ಅಪ್ಪ ಕತ್ತಿಯಿಂದ ಸೀಳಿದಾಗ ಮಗು ಹೊರಗೆ ಬರುತ್ತೆ. ಏಳನೇ ವಯಸ್ಸಲ್ಲಿ ಹೊಳೆಗೆ ಸ್ನಾನಕ್ಕೆ ಹೋಗಿ ಕೆಂಪು ಪಟ್ಟಿ ಜಾಲಾಡ್ತಾನೆ, ಡ್ರ್ಯಾಗನ್ ರಾಜನ ಅರಮನೆ ನಡುಗುತ್ತೆ. (ನಲಕೂಬರನ ಫಜೀತಿ ಶುರುವಾಗಿದ್ದೂ ಜಲಕ್ರೀಡೆಯಲ್ಲೇ!) ಜಗಳದಲ್ಲಿ ಡ್ರ್ಯಾಗನ್ ರಾಜನ ಮೂರನೇ ಮಗ ಆವ್ ಬಿಂಗ್ ಸಾಯ್ತಾನೆ. ರಾಜ ಸೇಡಿಗೆ ಬಂದು ತಂದೆತಾಯಿಯನ್ನ ಹಿಡೀತಾನೆ.

ಆಗ ಹುಡುಗ ಮಾಡೋದು ಕೇಳಿದ್ರೆ ಮೈ ಜುಮ್ಮೆನ್ನುತ್ತೆ. ತನ್ನ ಮಾಂಸವನ್ನ ತಾಯಿಗೆ, ಮೂಳೆಯನ್ನ ತಂದೆಗೆ ವಾಪಸ್ ಕೊಟ್ಟು ಸಾಯ್ತಾನೆ. ದೇಹ ಅಪ್ಪ ಅಮ್ಮ ಕೊಟ್ಟದ್ದು, ಅದಕ್ಕೆ ಗಾಯ ಮಾಡಿಕೊಳ್ಳೋದೂ ತಪ್ಪು ಅನ್ನೋದು ಕನ್‌ಫ್ಯೂಷಿಯಸ್ ಪರಂಪರೆ. ಅಂಥ ನಾಡಲ್ಲಿ ಒಬ್ಬ ಮಗ ‘ತಗೊಳ್ಳಿ, ಋಣ ತೀರಿತು’ ಅಂದ ಹಾಗೆ ಇದು. ಗುರು ತಾವರೆಯಿಂದ ಹೊಸ ಮೈ ಮಾಡಿಕೊಡ್ತಾನೆ. ಎದ್ದು ಬಂದ ಮಗ ನೇರ ಅಪ್ಪನನ್ನ ಕೊಲ್ಲೋಕೆ ಅಟ್ಟಿಸ್ಕೊಂಡು ಹೋಗ್ತಾನೆ, ಯಾಕಂದ್ರೆ ಜನ ತನಗೆ ಕಟ್ಟಿದ್ದ ಗುಡಿಯನ್ನ ಆ ಅಪ್ಪನೇ ಕೆಡವಿದ್ದ.

ಈ ಅಪ್ಪನನ್ನ ಏನು ಮಾಡೋದು? ನೆಝಾ ಸಿನಿಮಾ ಮಾಡುವವರಿಗೆ ನಿಜವಾದ ಪರೀಕ್ಷೆ ಇದೇ ಅಂತ ನನಗನಿಸುತ್ತೆ. 1974ರಲ್ಲಿ ಶಾ ಬ್ರದರ್ಸ್‌ಗೆ ಚಾಂಗ್ ಚೆ ಇದೇ ಕಥೆಯನ್ನ ಕುಂಗ್‌ಫೂ ಚಿತ್ರವಾಗಿ ಮಾಡಿದ್ರು. 1979ರ ಶಾಂಘೈ ಅನಿಮೇಷನ್ ಚಿತ್ರದಲ್ಲಿ ಹುಡುಗ ಮಳೆಯಲ್ಲಿ ಅಪ್ಪನ ಎದುರೇ ಕತ್ತು ಕೊಯ್ದುಕೊಳ್ತಾನೆ. ಮರುಜನ್ಮದ ನಂತರ ಅಪ್ಪನ ಮೇಲಿನ ಸೇಡು ಮಾತ್ರ ಇಲ್ಲ, ಹೋರಾಟ ಡ್ರ್ಯಾಗನ್‌ಗಳ ಜತೆ.

2019ರ ನಿರ್ದೇಶಕ ಜ್ಯಾವ್‌ಜಿ ಅಪ್ಪನನ್ನೇ ತಲೆಕೆಳಗು ಮಾಡಿಬಿಟ್ರು. ಇವರ ನೆಝಾ ರಾಕ್ಷಸ ಅಂಶದಿಂದ ಹುಟ್ಟಿದವನು, ಮೂರು ವರ್ಷಕ್ಕೆ ಸಿಡಿಲು ಬಡಿದು ಸಾಯಬೇಕು ಅಂತ ಹಣೆಬರಹ. ಅಪ್ಪ ಗುಟ್ಟಾಗಿ, ಆ ಸಿಡಿಲು ತನಗೇ ಬಡಿಯೋ ಹಾಗೆ ಮಂತ್ರದ ಚೀಟಿ ತಂದಿಟ್ಟುಕೊಳ್ತಾನೆ. ಮಗ ಋಣ ತೀರಿಸೋ ಕಥೆ ಹೋಗಿ, ಅಪ್ಪ ಪ್ರಾಣ ಕೊಡಲು ಹೊರಡೋ ಕಥೆ ಆಯ್ತು. ಮೂಲದ ಕಹಿ ಕಡಿಮೆಯಾಯ್ತು, ನಿಜ. ಆದ್ರೆ ಜ್ಯಾವ್‌ಜಿ ಬದುಕು ನೋಡಿ: ಓದಿದ್ದು ಔಷಧಶಾಸ್ತ್ರ, ಅದನ್ನ ಬಿಟ್ಟು ಅನಿಮೇಷನ್ ತಾವೇ ಕಲಿತ್ರು. ಮೂರು ವರ್ಷಕ್ಕೂ ಹೆಚ್ಚು ಅಮ್ಮನ ಪಿಂಚಣಿಯಲ್ಲೇ ದಿನ ದೂಡಿ ಮನೇಲಿ ಕೂತು ಒಂದು ಪುಟ್ಟ ಚಿತ್ರ ಮುಗಿಸಿದ್ರು. ಇಂಥವರ ಕೈಯಲ್ಲಿ ಹೆತ್ತವರು ಖಳರಾಗೋದು ಕಷ್ಟ ಇತ್ತು ಬಿಡಿ.

ಮೊದಲ ಭಾಗ ನೋಡುವಾಗ ಕಡಲತೀರದಲ್ಲಿ ಪುಟ್ಟ ಹುಡುಗಿಯನ್ನ ಎತ್ತಿಕೊಂಡು ಓಡೋ ಸಮುದ್ರದ ಭೂತವನ್ನ ಗಮನಿಸಿ. ಚೀನೀಯರು ಅದನ್ನ ‘ಯೆಚಾ’ ಅಂತಾರೆ. ಅದು ನಮ್ಮ ‘ಯಕ್ಷ’ ಪದವೇ. ಯಕ್ಷರ ರಾಜ ಕುಬೇರ. ಅವನ ಮಗ ಅಲ್ಲಿ ತನ್ನ ಮನೆಯವನಿಗೇ ಒದೀತಿದ್ದಾನೆ.