ಚಾರ್ಟಿಗೆ ಸಿಗದ ಹೃದಯ

ಬಾನಿ ಟೈಲರ್ ಅವರ ‘ಟೋಟಲ್ ಎಕ್ಲಿಪ್ಸ್ ಆಫ್ ದ ಹಾರ್ಟ್’ 1983ರಲ್ಲಿ ಬ್ರಿಟನ್, ಅಮೆರಿಕ ಎರಡೂ ಕಡೆ ನಂಬರ್ ಒನ್. ಇಂಗ್ಲಿಷ್ ಮೀಡಿಯಂನ ನಮಗೆ ಇದು ಬಾಯಿಪಾಠ. ಅಲ್ಲಿ ರೆಕಾರ್ಡ್ ಎಷ್ಟು ಮಾರಾಟವಾಯ್ತು ಅಂತ ವಾರವಾರ ಎಣಿಸ್ತಾರೆ. ಅಮೆರಿಕದವರು ರೇಡಿಯೋ ಪ್ರಸಾರವನ್ನೂ ಸೇರಿಸ್ತಾರೆ.

ನಮ್ಮಲ್ಲಿ? ಬ್ಲಫ್‌ನಲ್ಲಿ 1902ರ ವಿದ್ಯುತ್ ಕೇಂದ್ರ ನೋಡಿ ವಾಪಸ್ ಬರ್ತಾ, ಬಸ್ಸಲ್ಲಿ ‘ಅಶ್ವಮೇಧ’ (1990) ಚಿತ್ರದ ‘ಹೃದಯ ಸಮುದ್ರ’ ಶುರುವಾಯ್ತು. ಹೀರೋ ಕುಮಾರ್ ಬಂಗಾರಪ್ಪ, ದನಿ ಡಾ. ರಾಜ್‌ಕುಮಾರ್. ಇಲ್ಲಿ ಹೃದಯ ಒಡೆಯೋದಿಲ್ಲ, ಕೆರಳುತ್ತೆ. (ನಾವೋ, ಲವ್ ಸಾಂಗ್ ಅಂದ್ಕೊಂಡಿದ್ವಿ!) ನಾವು ಹುಟ್ಟೋಕೆ ಮುಂಚಿನ ಹಾಡು, ಆರ್ಕೆಸ್ಟ್ರಾಗಳಲ್ಲಿ ಇವತ್ತಿಗೂ ಕೇಳಿಸುತ್ತೆ. ಡ್ರೈವರಣ್ಣ ಪೂರ್ತಿ ಹಾಡಿದ್ರು. ನಮಗೆ ಎರಡನೇ ಸಾಲೇ ಬರಲಿಲ್ಲ. ಮಳವಳ್ಳಿ ಬರೋವರೆಗೂ ಬರೀ ಚಪ್ಪಾಳೆ ತಟ್ಟಿದ್ವಿ.